ಮಧುಮೇಹವೂ ಹಾಲಿನ ಸಕ್ಕರೆಯೂ

ಸಕ್ಕರೆ ಎಂಬ ಹೆಸರು ಒಂದಾದರೂ ವಸ್ತು ಒಂದಲ್ಲ. ಕಾಫಿಗೆ ಬೆರೆಸುವುದು ಕಬ್ಬಿನ ಸಕ್ಕರೆ. ಹಾಲಿನಲ್ಲಿ ಸಹಜವಾಗಿಯೇ ಇರುವುದು ಕ್ಷೀರಶರ್ಕರ, ಅಂದರೆ ಲ್ಯಾಕ್ಟೋಸ್. ಮಧುಮೇಹದೊಡನೆ ಹಾಲೂ ಒಗ್ಗದವರು ಈ ಭೇದವನ್ನು ಅವಶ್ಯವಾಗಿ ಅರಿತಿರಬೇಕು.

2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಮಧುಮೇಹಿಗಳಿದ್ದಾರೆ. ಕಾಸಿಮೇಡಿಗೆ ಸಮೀಪದ ಸ್ಟಾನ್ಲಿ ಆಸ್ಪತ್ರೆಯಲ್ಲಿಯೇ 1948ರಲ್ಲಿ ಡಾ. ಎಂ. ವಿಶ್ವನಾಥನ್ ಅವರು ಭಾರತದ ಮೊದಲ ಮಧುಮೇಹ ಚಿಕಿತ್ಸಾ ವಿಭಾಗವನ್ನು ಆರಂಭಿಸಿದರು.

ಉಂಡ ಅನ್ನದ ಪಿಷ್ಟವು ಗ್ಲೂಕೋಸಾಗಿ ರಕ್ತವನ್ನು ಸೇರುತ್ತದೆ. ಇನ್ಸುಲಿನ್ ಸಾಲದಿದ್ದರೆ, ಅಥವಾ ಇದ್ದೂ ಅದರ ಕಾರ್ಯ ಕುಂದಿದರೆ, ಗ್ಲೂಕೋಸು ರಕ್ತದಲ್ಲಿಯೇ ಹೆಚ್ಚುತ್ತದೆ, ಇದು ಮಧುಮೇಹ. ಹಾಲು ಒಗ್ಗದವರ ತೊಂದರೆಯಾದರೋ ಕರುಳಿನದು. ಕ್ಷೀರಶರ್ಕರವನ್ನು ಒಡೆಯುವ ಲ್ಯಾಕ್ಟೇಸ್ ಎಂಬ ಕಿಣ್ವವು ಸಣ್ಣ ಕರುಳಿನಲ್ಲಿ ಕಡಮೆಯಾದಾಗ, ಆ ಸಕ್ಕರೆಯು ಜೀರ್ಣವಾಗದೆ ದೊಡ್ಡ ಕರುಳಿಗಿಳಿದು, ಸೂಕ್ಷ್ಮಜೀವಿಗಳಿಂದ ಹುದುಗಿ, ಹೊಟ್ಟೆಯುಬ್ಬರ ಹಾಗೂ ಭೇದಿಯನ್ನುಂಟುಮಾಡುತ್ತದೆ.

100 ಮಿ.ಲೀ. ಹಾಲಿನಲ್ಲಿ ಸುಮಾರು 5 ಗ್ರಾಂ ಕ್ಷೀರಶರ್ಕರವಿದೆ. ಹೆಪ್ಪಿನ ಸೂಕ್ಷ್ಮಜೀವಿಗಳು ಇದರ ಒಂದಂಶವನ್ನು ಆಮ್ಲವಾಗಿ ಮಾರ್ಪಡಿಸುವುದರಿಂದ ಮೊಸರು, ನೀರುಮಜ್ಜಿಗೆಗಳು ಅನೇಕರಿಗೆ ಒಗ್ಗುತ್ತವೆ. ಹಾಲನ್ನು ಬಿಟ್ಟವರಿಗೆ ಸುಣ್ಣದಂಶವು ಬೇರೆಡೆಯಿಂದ ದೊರೆಯಬೇಕು. 100 ಗ್ರಾಂ ರಾಗಿಯಲ್ಲಿ ಅದು 300 ಮಿಲಿಗ್ರಾಂಗೂ ಮಿಕ್ಕು ಇದೆ. ಆದರೆ ರಾಗಿಯಲ್ಲಿ ಪಿಷ್ಟವೂ ಹೇರಳ. ಆದಕಾರಣ ಮುದ್ದೆಯನ್ನು ಅನ್ನಕ್ಕೆ ಬದಲಾಗಿ, ಅಳತೆಯಲ್ಲಿ ಉಣ್ಣತಕ್ಕದ್ದು. ಅನ್ನದ ಮೇಲೆ ಸೇರಿಸತಕ್ಕದ್ದಲ್ಲ. ಕಾಸಿಮೇಡಿನ ಬಂದರಿನಲ್ಲಿ ದೊರೆಯುವ ನೆತ್ತಿಲಿಯಂತಹ ಸಣ್ಣ ಮೀನನ್ನು ಮುಳ್ಳುಸಹಿತ ತಿಂದರೆ ಸುಣ್ಣದಂಶವೂ ಸಸಾರಜನಕವೂ ಲಭಿಸುತ್ತವೆ, ಮೀನಿನಲ್ಲಿ ಪಿಷ್ಟವಿಲ್ಲ. ಮೀನು ತಿನ್ನದವರಿಗೆ ಎಳ್ಳು, ಸೊಪ್ಪು, ಕಾಳುಗಳುಂಟು.

ಕೆಲವು ತಪ್ಪು ತಿಳಿವಳಿಕೆಗಳನ್ನು ಇಲ್ಲಿ ಹೇಳಬೇಕು. ಬೆಲ್ಲ, ಜೇನುತುಪ್ಪಗಳೂ ರಕ್ತದ ಸಕ್ಕರೆಯನ್ನು ಏರಿಸುತ್ತವೆ. ಸಕ್ಕರೆರಹಿತವೆಂದು ಮಾರುವ ಮಿಠಾಯಿಯಲ್ಲಿ ಖೋವಾ ಇದ್ದರೆ ಕ್ಷೀರಶರ್ಕರವಿದ್ದೇ ಇರುತ್ತದೆ. ಅದಕ್ಕೆ ಸೇರಿಸುವ ಸಾರ್ಬಿಟಾಲ್ ಕೂಡ ಹೆಚ್ಚಾದರೆ ಭೇದಿಯಾಗುತ್ತದೆ. ಮಧುಮೇಹಕ್ಕೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯಿಂದಲೂ ಕೆಲವರಿಗೆ ಹೊಟ್ಟೆ ಕೆಡುವುದುಂಟು. ಕಾರಣವು ಹಾಲೋ ಮಾತ್ರೆಯೋ ಎಂಬುದನ್ನು ವೈದ್ಯರು ನಿರ್ಣಯಿಸಬೇಕು. ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು.

ಎಲ್ಲಕ್ಕಿಂತ ಗಂಡಾಂತರವಾದುದು ಇನ್ನೊಂದಿದೆ. ಇನ್ಸುಲಿನ್ನನ್ನೋ ಕೆಲವು ಮಾತ್ರೆಗಳನ್ನೋ ತೆಗೆದುಕೊಂಡವರು ಊಟವನ್ನು ಬಿಟ್ಟರೆ ರಕ್ತದ ಸಕ್ಕರೆ ಅತಿಯಾಗಿ ಇಳಿದು ಬೆವರು, ನಡುಕ, ಮಂಕು ಕವಿಯಬಹುದು. ಆಗ ಹಾಲು ಒಗ್ಗದವರಿಗೆ ಹಾಲನ್ನು ನೆಚ್ಚಿಕೊಳ್ಳಬಾರದು. ಎಚ್ಚರವಿದ್ದರೆ 15 ಗ್ರಾಂ ಗ್ಲೂಕೋಸನ್ನು, ಇಲ್ಲವೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕೊಟ್ಟು, 15 ನಿಮಿಷಗಳ ನಂತರ ರಕ್ತವನ್ನು ಮತ್ತೆ ಪರೀಕ್ಷಿಸಬೇಕು. ಎಚ್ಚರವಿಲ್ಲದವರ ಬಾಯಿಗೆ ಏನನ್ನೂ ಹಾಕದೆ ಕೂಡಲೇ ಆಸ್ಪತ್ರೆಗೆ ಸಾಗಿಸಬೇಕು.

ವಿದ್ಯಾರ್ಥಿಗಳೇ, ಮನೆಯ ಹಿರಿಯರಿಗಾಗಿ ಕೊಳ್ಳುವ ಪೊಟ್ಟಣದ ಮೇಲಿನ ಬರಹವನ್ನು ಓದಿ ಹೇಳುವುದು ನಿಮ್ಮಿಂದಾಗುವ ಕೆಲಸ. ನೀವು ಕಲಿತ ಅಕ್ಷರವು ಮೊದಲು ಮನೆಯವರ ಆರೋಗ್ಯಕ್ಕೆ ಒದಗಲಿ.