ಅಂಡಾಶಯದ ಚೀಲ

ಅಂಡಾಶಯದ ಒಳಗೆ ಅಥವಾ ಅದರ ಮೇಲ್ಮೈಯಲ್ಲಿ ದ್ರವ ತುಂಬಿಕೊಂಡು ಬೆಳೆಯುವ ಚೀಲವನ್ನು ಅಂಡಾಶಯದ ಚೀಲ ಎನ್ನುತ್ತಾರೆ. ವೈದ್ಯರು ಬಳಸುವ ಹೆಸರು ಓವರಿಯನ್ ಸಿಸ್ಟ್. ಆಡುಮಾತಿನಲ್ಲಿ ಇದನ್ನು ಗಡ್ಡೆ ಎಂದು ಕರೆಯುವುದರಿಂದ ಅನೇಕರು ಕ್ಯಾನ್ಸರ್ ಎಂದು ಭಾವಿಸಿ ಭಯಪಡುತ್ತಾರೆ. ಆದರೆ ಮುಟ್ಟಾಗುವ ವಯಸ್ಸಿನ ಸ್ತ್ರೀಯರಲ್ಲಿ ಕಂಡುಬರುವ ಚೀಲಗಳಲ್ಲಿ ಹೆಚ್ಚಿನವು ನಿರಪಾಯಕಾರಿಯಾಗಿರುತ್ತವೆ.

ಕ್ರಿಯಾತ್ಮಕ ಚೀಲಗಳು

ಇವು ಋತುಚಕ್ರದ ಸಹಜ ಕ್ರಿಯೆಯಿಂದ ಉಂಟಾಗುತ್ತವೆ. ಪ್ರತಿ ತಿಂಗಳು ಅಂಡಾಣುವು ಫಾಲಿಕಲ್ ಎಂಬ ಕಿರುಚೀಲದಲ್ಲಿ ಬೆಳೆದು, ಅದು ಒಡೆದಾಗ ಹೊರಬರುತ್ತದೆ. ಫಾಲಿಕಲ್ ಒಡೆಯದೆ ಹಿಗ್ಗುತ್ತಾ ಹೋದರೆ ಫಾಲಿಕ್ಯುಲರ್ ಚೀಲವಾಗುತ್ತದೆ. ಒಡೆದ ನಂತರ ಉಳಿಯುವ ಕಾರ್ಪಸ್ ಲೂಟಿಯಂನಲ್ಲಿ ದ್ರವ ಅಥವಾ ರಕ್ತ ತುಂಬಿಕೊಂಡರೆ ಲೂಟಿಯಲ್ ಚೀಲವಾಗುತ್ತದೆ. ಇವೆರಡೂ ಸಾಮಾನ್ಯವಾಗಿ ಎರಡು ಮೂರು ಋತುಚಕ್ರಗಳೊಳಗೆ ತಾವಾಗಿಯೇ ಕರಗುತ್ತವೆ.

ಇತರ ಪ್ರಕಾರಗಳು

ಡರ್ಮಾಯ್ಡ್ ಚೀಲ: ಅಂಡಾಣುವಾಗಬೇಕಾದ ಜೀವಕೋಶಗಳಿಂದ ಹುಟ್ಟುತ್ತದೆ. ಆದ್ದರಿಂದ ಇದರೊಳಗೆ ಕೊಬ್ಬು, ಕೂದಲು, ಕೆಲವೊಮ್ಮೆ ಹಲ್ಲು ಸಹ ಇರಬಹುದು.

ಚಾಕೊಲೇಟ್ ಚೀಲ: ಗರ್ಭಕೋಶದ ಒಳಪದರದಂತಹ ಅಂಗಾಂಶವು ಅಂಡಾಶಯದಲ್ಲಿ ಬೆಳೆದಾಗ ಉಂಟಾಗುತ್ತದೆ. ಹಳೆಯ ರಕ್ತದ ಕಂದು ಬಣ್ಣದಿಂದ ಈ ಹೆಸರು ಬಂದಿದೆ.

ಸಿಸ್ಟಡಿನೋಮ: ಅಂಡಾಶಯದ ಹೊರಪದರದಿಂದ ಬೆಳೆಯುತ್ತದೆ. ಲೋಳೆ ತುಂಬಿದ ಬಗೆಯು ಬಹಳ ದೊಡ್ಡದಾಗಬಲ್ಲದು.

ಪಿ.ಸಿ.ಓ.ಎಸ್. ಎಂಬುದು ಇವುಗಳಿಂದ ಭಿನ್ನವಾದ ಹಾರ್ಮೋನು ತೊಂದರೆ. ಅದರಲ್ಲಿ ಪೂರ್ಣ ಬೆಳೆಯದ ಅನೇಕ ಸಣ್ಣ ಫಾಲಿಕಲ್‌ಗಳು ಅಂಡಾಶಯದಲ್ಲಿ ಕಂಡುಬರುತ್ತವೆ.

ಲಕ್ಷಣಗಳು

ಅನೇಕರಲ್ಲಿ ಯಾವ ಲಕ್ಷಣವೂ ಇರುವುದಿಲ್ಲ. ಕೆಲವರಿಗೆ ಕಿಬ್ಬೊಟ್ಟೆಯಲ್ಲಿ ನೋವು, ಹೊಟ್ಟೆಯುಬ್ಬರ, ಪದೇಪದೇ ಮೂತ್ರಕ್ಕೆ ಹೋಗಬೇಕೆನ್ನಿಸುವುದು ಉಂಟಾಗಬಹುದು. ಹಠಾತ್ತಾಗಿ ತೀವ್ರ ನೋವು, ವಾಂತಿ ಅಥವಾ ತಲೆಸುತ್ತು ಕಾಣಿಸಿಕೊಂಡರೆ ಚೀಲ ಒಡೆದಿರಬಹುದು ಅಥವಾ ಅಂಡಾಶಯವೇ ತಿರುಚಿಕೊಂಡಿರಬಹುದು. ತಿರುಚಿದಾಗ ಅಂಡಾಶಯಕ್ಕೆ ರಕ್ತಸಂಚಾರ ನಿಲ್ಲುವುದರಿಂದ ಇದು ತುರ್ತು ಸ್ಥಿತಿ. ಮುಟ್ಟಿನ ನೋವೆಂದು ತಿಳಿದು ಕಾಯಬಾರದು.

ಪತ್ತೆ ಮತ್ತು ಚಿಕಿತ್ಸೆ

ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಮುಖ್ಯ ಪರೀಕ್ಷೆ. ಶಿರಗುಪ್ಪಿಯಂತಹ ಹುಬ್ಬಳ್ಳಿ ಸುತ್ತಲಿನ ಗ್ರಾಮಗಳವರಿಗೆ, 1957ರಲ್ಲಿ ಸ್ಥಾಪಿತವಾಗಿ ಕಿಮ್ಸ್ ಎಂದು ಹೆಸರಾದ ಹುಬ್ಬಳ್ಳಿಯ ಸರಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯು ಹತ್ತಿರದ ದೊಡ್ಡ ಆಸ್ಪತ್ರೆಯಾಗಿದೆ. ಸಣ್ಣ, ಸರಳ ಚೀಲಗಳಿಗೆ ಚಿಕಿತ್ಸೆ ಬೇಕಾಗುವುದಿಲ್ಲ. ಅಗತ್ಯವೆನಿಸಿದರೆ ಕೆಲವು ವಾರಗಳ ನಂತರ ಮತ್ತೆ ಸ್ಕ್ಯಾನ್ ಮಾಡುತ್ತಾರೆ. ಗರ್ಭನಿರೋಧಕ ಮಾತ್ರೆಗಳು ಹೊಸ ಕ್ರಿಯಾತ್ಮಕ ಚೀಲಗಳನ್ನು ತಡೆಯಬಲ್ಲವು, ಇರುವುದನ್ನು ಕರಗಿಸಲಾರವು. ದೊಡ್ಡದಾದ, ಕರಗದ ಅಥವಾ ಸಂಶಯಾಸ್ಪದ ಚೀಲಗಳನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯುತ್ತಾರೆ. ಮುಟ್ಟು ನಿಂತ ನಂತರ ಕ್ಯಾನ್ಸರಿನ ಸಾಧ್ಯತೆ ಹೆಚ್ಚಿರುವುದರಿಂದ, ಆ ವಯಸ್ಸಿನಲ್ಲಿ ಕಂಡುಬರುವ ಚೀಲವನ್ನು ಸಿ.ಎ. 125 ರಕ್ತಪರೀಕ್ಷೆಯೊಂದಿಗೆ ಪರಿಶೀಲಿಸಲಾಗುತ್ತದೆ.

ಇತಿಹಾಸ

1809ರಲ್ಲಿ ಅಮೆರಿಕದ ಕೆಂಟಕಿಯಲ್ಲಿ ಇಫ್ರೇಮ್ ಮೆಕ್‌ಡವೆಲ್ ಎಂಬ ವೈದ್ಯರು ಜೇನ್ ಟಾಡ್ ಕ್ರಾಫರ್ಡ್ ಎಂಬವರ ಅಂಡಾಶಯದಿಂದ ಸುಮಾರು 10 ಕಿಲೋಗ್ರಾಂ ತೂಕದ ಗಡ್ಡೆಯನ್ನು ಹೊರತೆಗೆದರು. ಆಗ ಅರಿವಳಿಕೆ ಇರಲಿಲ್ಲ. ರೋಗಿಯು ಗುಣಮುಖರಾಗಿ ಮುಂದೆ 30ಕ್ಕೂ ಹೆಚ್ಚು ವರ್ಷ ಬದುಕಿದರು.