ಲೇಹ್‌ಗೆ ಯಾವ ತಿಂಗಳು? ಫೋನ್ ತೋರಿಸುವ ಡಿಗ್ರಿ ಅರ್ಧ ಮಾತ್ರ ಹೇಳುತ್ತೆ

ಲಡಾಖ್‌ಗೆ ಹೋಗೋಣ ಅನ್ನೋ ಮಾತು ನಮ್ಮ ಆಫೀಸುಗಳಲ್ಲಿ ವರ್ಷಕ್ಕೊಮ್ಮೆಯಾದರೂ ಏಳುತ್ತೆ. ವಾಟ್ಸಾಪ್ ಗ್ರೂಪ್ ಶುರುವಾಗುತ್ತೆ, ಒಬ್ಬರು ಟಿಕೆಟ್ ದರ ಹಾಕ್ತಾರೆ, ಇನ್ನೊಬ್ಬರು "ಈಗ ಅಲ್ಲಿ ಎಷ್ಟು ಡಿಗ್ರಿ?" ಅಂತ ಕೇಳ್ತಾರೆ. ಯಾರೋ ಫೋನ್ ನೋಡಿ "ಬರೀ 22, ನಮ್ಮ ಬೆಂಗಳೂರಿನ ಥರಾನೇ" ಅಂದುಬಿಡ್ತಾರೆ. ಅಂಕಿ ಸರಿಯಾಗೇ ಇರುತ್ತೆ. ಆದರೆ ಲೇಹ್‌ನ 22 ಬೇರೆ, ಬೆಂಗಳೂರಿನ 22 ಬೇರೆ. ಈ ವ್ಯತ್ಯಾಸ ಗೊತ್ತಿದ್ದರೆ ಯಾವ ತಿಂಗಳು ಹೋಗಬೇಕು, ಎಷ್ಟು ದಿನ ರಜೆ ಹಾಕಬೇಕು ಎರಡೂ ತಾನಾಗೇ ಇತ್ಯರ್ಥವಾಗುತ್ತವೆ.

ಎತ್ತರದ ಮರುಭೂಮಿ

ಲೇಹ್ ಇರುವುದು ಸಮುದ್ರಮಟ್ಟದಿಂದ ಸುಮಾರು 3,500 ಮೀಟರ್ ಎತ್ತರದಲ್ಲಿ. ಬೆಂಗಳೂರು ಸುಮಾರು 920 ಮೀಟರ್. ಕರ್ನಾಟಕದಲ್ಲೇ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ಅಂದರೆ ಮುಳ್ಳಯ್ಯನಗಿರಿಯ ತುದಿಗಿಂತ ಒಂದೂವರೆ ಸಾವಿರ ಮೀಟರ್ ಮೇಲೆ ಒಂದು ಪೇಟೆ, ಶಾಲೆ, ವಿಮಾನ ನಿಲ್ದಾಣ ಎಲ್ಲ ಇವೆ ಅಂತ ಊಹಿಸಿಕೊಳ್ಳಿ.

ಹಿಮಾಲಯದ ಸಾಲು ಮುಂಗಾರಿನ ಮೋಡಗಳನ್ನು ಈಚೆಗೇ ತಡೆಯುತ್ತೆ. ಹಾಗಾಗಿ ಲೇಹ್‌ನಲ್ಲಿ ವರ್ಷವಿಡೀ ಬೀಳುವ ಮಳೆ, ಹಿಮ ಎಲ್ಲ ಸೇರಿದರೂ ಸುಮಾರು 100 ಮಿಲಿಮೀಟರ್. ನಮ್ಮ ಆಗುಂಬೆಯಲ್ಲಿ ಜೋರು ಮಳೆಯ ಒಂದೇ ದಿನ ಅಷ್ಟು ಸುರಿಯುತ್ತೆ! ತೆಳುವಾದ ಒಣ ಗಾಳಿ ಶಾಖವನ್ನು ಹಿಡಿದಿಟ್ಟುಕೊಳ್ಳಲ್ಲ. ಮಧ್ಯಾಹ್ನ ಬಿಸಿಲಿಗೆ ನಿಂತರೆ ಮುಖ ಸುಡುತ್ತೆ, ಪಕ್ಕದ ನೆರಳಿಗೆ ಬಂದರೆ ಜಾಕೆಟ್ ಬೇಕು. ಹಗಲಿಗೂ ರಾತ್ರಿಗೂ ಹದಿನೈದು ಡಿಗ್ರಿ ವ್ಯತ್ಯಾಸ ಅಲ್ಲಿ ಮಾಮೂಲು.

ತಿಂಗಳುಗಳ ಲೆಕ್ಕ

ಡಿಸೆಂಬರ್‌ನಿಂದ ಫೆಬ್ರುವರಿ: ಜನವರಿಯಲ್ಲಿ ಹಗಲಿನ ಸರಾಸರಿಯೇ ಸೊನ್ನೆಗಿಂತ ಕೆಳಗೆ, ರಾತ್ರಿ ಸುಮಾರು ಮೈನಸ್ 14. ಕೆಲವು ರಾತ್ರಿ ಮೈನಸ್ 20 ಕೂಡ ದಾಟುತ್ತೆ. ನಲ್ಲಿ ನೀರು ಪೈಪಿನೊಳಗೇ ಗಟ್ಟಿಯಾಗುತ್ತೆ, ಬಹಳಷ್ಟು ಹೋಟೆಲ್‌ಗಳು ಬಾಗಿಲು ಹಾಕುತ್ತವೆ. ಪಾಂಗಾಂಗ್ ಸರೋವರದ ಉಪ್ಪು ನೀರೂ ಹೆಪ್ಪುಗಟ್ಟುತ್ತೆ. ಹೆಪ್ಪುಗಟ್ಟಿದ ಝನ್ಸ್ಕಾರ್ ನದಿಯ ಮೇಲೆ ನಡೆಯುವ ಚಾದರ್ ಚಾರಣ, ಹಿಮಚಿರತೆ ಹುಡುಕಾಟ ಇವೆಲ್ಲ ಈ ಕಾಲದವು. ಮೊದಲ ಸಲ ಹೋಗುವವರಿಗೆ ಇದು ಬೇಡ.

ಮಾರ್ಚ್, ಏಪ್ರಿಲ್: ಏಪ್ರಿಲ್ ಹಗಲು 12ರ ಆಸುಪಾಸು, ರಾತ್ರಿ ಸೊನ್ನೆ. ತಗ್ಗಿನ ಹಳ್ಳಿಗಳಲ್ಲಿ ಏಪ್ರಿಕಾಟ್ ಹೂ ಬಿಡುವ ಕಾಲ. ಬಿತ್ತನೆ ಸಮಯಕ್ಕೆ ನೀರಿಗೆ ಕಷ್ಟ, ಯಾಕಂದ್ರೆ ಮೇಲಿನ ಹಿಮನದಿಗಳು ಇನ್ನೂ ಕರಗಿರಲ್ಲ. ಸೋನಂ ವಾಂಗ್ಚುಕ್ ಅವರ 'ಐಸ್ ಸ್ತೂಪ' ಹುಟ್ಟಿದ್ದು ಇದೇ ಕೊರತೆಗೆ ಉತ್ತರವಾಗಿ. ಚಳಿಗಾಲದ ನೀರನ್ನು ಗೋಪುರದ ಹಾಗೆ ಹೆಪ್ಪುಗಟ್ಟಿಸಿಟ್ಟರೆ ವಸಂತದಲ್ಲಿ ಅದು ನಿಧಾನಕ್ಕೆ ಕರಗಿ ಹೊಲಕ್ಕಿಳಿಯುತ್ತೆ.

ಮೇ, ಜೂನ್: ಹಗಲು 16ರಿಂದ 21, ರಾತ್ರಿ ಒಂದಂಕಿ. ಹಿಮ ತೆರವಾಗಿ ಮನಾಲಿ ಕಡೆಯ ರಸ್ತೆ ತೆರೆಯುವುದೂ ಈ ಹೊತ್ತಿಗೇ.

ಜುಲೈ, ಆಗಸ್ಟ್: ಹಗಲು ಸುಮಾರು 25, ರಾತ್ರಿ 10. ಅತಿ ಬೆಚ್ಚಗಿನ ಕಾಲ, ಹಾಗಂತ ಪೂರ್ತಿ ನಿಶ್ಚಿಂತೆಯ ಕಾಲವಲ್ಲ. 2010ರ ಆಗಸ್ಟ್‌ನಲ್ಲಿ ಮೇಘಸ್ಫೋಟವಾಗಿ ಲೇಹ್ ಸುತ್ತಮುತ್ತ ಇನ್ನೂರಕ್ಕೂ ಹೆಚ್ಚು ಜನ ತೀರಿಕೊಂಡರು. 2024ರ ಜುಲೈ ಕೊನೆಯಲ್ಲಿ ಸೆಕೆ ವಿಪರೀತವಾಗಿ ವಿಮಾನಗಳೇ ರದ್ದಾದವು. ಮೊದಲೇ ತೆಳುವಾದ ಗಾಳಿ ಬಿಸಿಯಾದರೆ ಇನ್ನೂ ತೆಳುವಾಗುತ್ತೆ, ರೆಕ್ಕೆಗೆ ಆಧಾರ ಸಾಲಲ್ಲ, ಎಂಜಿನ್‌ನ ಬಲವೂ ಇಳಿಯುತ್ತೆ.

ಸೆಪ್ಟೆಂಬರ್: ಹಗಲು 20ರ ಹತ್ತಿರ, ರಾತ್ರಿ 5. ಆಕಾಶ ತಿಳಿ, ಜನಜಂಗುಳಿ ಕಡಿಮೆ. ನನ್ನ ಓಟು ಇದಕ್ಕೇ. ಅಕ್ಟೋಬರ್ ಬಂತೆಂದರೆ ರಾತ್ರಿಗಳು ಮತ್ತೆ ಸೊನ್ನೆಗಿಳಿಯುತ್ತವೆ.

ಈ ಅಂಕಿ ಊರಿಗಷ್ಟೇ

ಮೇಲಿನದೆಲ್ಲ ಲೇಹ್ ಪಟ್ಟಣದ ಲೆಕ್ಕ. ನೀವು ಸುತ್ತುವ ಜಾಗಗಳು ಅದಕ್ಕಿಂತ ಎತ್ತರದಲ್ಲಿವೆ. ಸಾವಿರ ಮೀಟರ್ ಏರಿದರೆ ಸುಮಾರು ಆರೂವರೆ ಡಿಗ್ರಿ ಕಡಿಮೆ ಅಂತ ಇಟ್ಟುಕೊಳ್ಳಿ. ಖಾರ್ದುಂಗ್ ಲಾ ಸುಮಾರು 5,359 ಮೀಟರ್. ಅಂದರೆ ಲೇಹ್‌ಗಿಂತ ಹನ್ನೆರಡು ಡಿಗ್ರಿ ತಣ್ಣಗೆ, ಜೊತೆಗೆ ಕೊರೆಯುವ ಗಾಳಿ. ಪಾಂಗಾಂಗ್ ಸುಮಾರು 4,250 ಮೀಟರ್. ಜುಲೈ ರಾತ್ರಿಯಲ್ಲೂ ಅಲ್ಲಿನ ಟೆಂಟ್‌ನಲ್ಲಿ ದಪ್ಪ ರಜಾಯಿ ಬೇಕು. ಹಾಗಾಗಿ ಬ್ಯಾಗಿಗೆ ಬಟ್ಟೆ ತುಂಬುವಾಗ ಲೇಹ್‌ನ ಹಗಲು ನೋಡಬೇಡಿ, ಪಾಂಗಾಂಗ್‌ನ ರಾತ್ರಿ ನೋಡಿ.

ಜಾಕೆಟ್‌ಗೆ ಬಗ್ಗದ ಸಮಸ್ಯೆ

ಚಳಿಗೆ ದುಡ್ಡು ಕೊಟ್ಟರೆ ಜಾಕೆಟ್ ಸಿಗುತ್ತೆ. ಗಾಳಿಗೆ ಏನು ಮಾಡ್ತೀರಿ? ಲೇಹ್‌ನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೇ ಎರಡರಷ್ಟು, ಖಾರ್ದುಂಗ್ ಲಾದಲ್ಲಿ ಅರ್ಧದಷ್ಟೇ. ಉಸಿರಿಗೆ ಸಿಗುವ ಆಮ್ಲಜನಕವೂ ಅದೇ ಪ್ರಮಾಣದಲ್ಲಿ ಕಡಿಮೆ. ಬೆಳಗ್ಗೆ ದೆಹಲಿಯಲ್ಲಿ ವಿಮಾನ ಹತ್ತಿ ತಿಂಡಿ ಹೊತ್ತಿಗೆ ಲೇಹ್‌ನಲ್ಲಿ ಇಳಿದವರ ದೇಹಕ್ಕೆ ಹೊಂದಿಕೊಳ್ಳಲು ಸಮಯವೇ ಸಿಕ್ಕಿರಲ್ಲ. ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು ಮೊದಲ ಲಕ್ಷಣಗಳು. ದಿನಾ ಜಿಮ್‌ಗೆ ಹೋಗುವವರಿಗೂ ಇದರಿಂದ ವಿನಾಯಿತಿ ಇಲ್ಲ.

ಮೊದಲ ಎರಡು ದಿನ ಲೇಹ್‌ನಲ್ಲೇ ವಿಶ್ರಾಂತಿ. ಸಾಕಷ್ಟು ನೀರು ಕುಡಿಯಿರಿ, ಎಣ್ಣೆ ಪಾರ್ಟಿ ಬೇಡ. ಆಮೇಲೆ ನುಬ್ರಾ ಕಣಿವೆ. ಅಲ್ಲಿನ ದಿಸ್ಕಿತ್ ಲೇಹ್‌ಗಿಂತ ತಗ್ಗಿನಲ್ಲಿರುವುದರಿಂದ ರಾತ್ರಿ ತಂಗಲು ಒಳ್ಳೆಯದು. ದಾರಿಯಲ್ಲಿ ಖಾರ್ದುಂಗ್ ಲಾ ಸಿಗುತ್ತೆ, ಒಂದು ಫೋಟೋ ತೆಗೆದು ಇಳಿದುಬಿಡಿ. ಪಾಂಗಾಂಗ್ ಕೊನೆಗಿರಲಿ. ಸುಮ್ಮನೆ ಕೂತಾಗಲೂ ಏದುಸಿರು, ನಡೆಯುವಾಗ ತೂರಾಟ, ಮಾತಿನಲ್ಲಿ ಗೊಂದಲ ಕಂಡರೆ ಅದು ಪ್ರಾಣಕ್ಕೇ ಅಪಾಯ. ಬೆಳಗಾಗಲಿ ಅಂತ ಕಾಯದೆ ತಕ್ಷಣ ತಗ್ಗಿನ ಜಾಗಕ್ಕೆ, ವೈದ್ಯರ ಹತ್ತಿರಕ್ಕೆ ಕರೆದುಕೊಂಡು ಹೋಗಿ.

ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವ ಆಸೆ ಇದ್ದರೆ, ಅವರಿಗೆ ಬಿಪಿ, ಹೃದಯ ಅಥವಾ ಶ್ವಾಸಕೋಶದ ತೊಂದರೆ ಇದ್ದರೆ ಟಿಕೆಟ್‌ಗೂ ಮೊದಲು ಡಾಕ್ಟರನ್ನು ಕಾಣಿ. ಡಯಾಮಾಕ್ಸ್ ಮಾತ್ರೆಯನ್ನೂ ಅವರನ್ನೇ ಕೇಳಿ ತೆಗೆದುಕೊಳ್ಳಿ. ಸಲ್ಫಾ ಔಷಧಿ ಆಗಿಬರಲ್ಲ ಅಂತಿದ್ದರೆ ಮರೆಯದೆ ಹೇಳಿ.

ನಮ್ಮಂಥವರು ಎಡವುವುದು ರಜೆಯ ಲೆಕ್ಕದಲ್ಲಿ. ಮ್ಯಾನೇಜರ್ ಐದೇ ದಿನ ಕೊಟ್ಟರು ಅಂದ ಕೂಡಲೇ ಮೊದಲು ಕತ್ತರಿ ಬೀಳೋದು ಆ ಎರಡು ವಿಶ್ರಾಂತಿ ದಿನಗಳಿಗೆ. ಐದೇ ದಿನ ಸಿಕ್ಕಿದರೆ ಪಾಂಗಾಂಗ್ ಬಿಟ್ಟುಬಿಡಿ, ವಿಶ್ರಾಂತಿ ಬಿಡಬೇಡಿ. ಶೇ, ಥಿಕ್ಸೆ, ಆಲ್ಚಿಯ ಗೊಂಪಾಗಳು ಲೇಹ್‌ನಿಂದ ಹೋಗಿ ಅವತ್ತೇ ವಾಪಸ್ ಬರುವಷ್ಟು ದೂರದಲ್ಲೇ ಇವೆ. ಸರೋವರ ಮುಂದಿನ ವರ್ಷವೂ ಅಲ್ಲೇ ಇರುತ್ತೆ.