ಬೋಟ್ ರೇಸಿಗೆ ಮಗಳು ಹೊರಟಳೇ?

ಪವರ್‌ಬೋಟ್ ರೇಸ್ ಗಂಡಸರ ಆಟ ಅಂತೀರಾ? 2015ರಲ್ಲಿ ಶಾರ್ಜಾದ ಫಾರ್ಮುಲಾ ಒನ್ ಬೋಟ್ ರೇಸನ್ನು ಗೆದ್ದವರು ನಾರ್ವೆಯ ಮಹಿಳೆ ಮಾರಿಟ್ ಸ್ಟ್ರೋಮೊಯ್! ಹಾಗಂತ ನೇರ ಅಲ್ಲಿಗೇ ಹಾರುವಂತಿಲ್ಲ. ಯುರೋಪಿನಲ್ಲಿ ನೆಲೆಸಿದ ನಿಮ್ಮ ಮಗಳಿಗೆ ಈ ಆಸೆ ಹುಟ್ಟಿದರೆ ಬೈಯಬೇಡಿ, ಇಷ್ಟು ಹೇಳಿ:

* ಮೊದಲು ಈಜು, ಆಮೇಲೆ ಎಂಜಿನ್.

* ವರ್ಗ ಆರಿಸುವಾಗ ವೇಗ ನೋಡಬೇಡ, ಅನುಭವ ನೋಡು. ಮಕ್ಕಳಿಗೆ 15 ಎಚ್‌ಪಿಯ ಜಿಟಿ15, ಸ್ವಲ್ಪ ದೊಡ್ಡವರಿಗೆ 30 ಎಚ್‌ಪಿಯ ಜಿಟಿ30. ಕೈ ಪಳಗಿದ ಮೇಲೆ 60 ಎಚ್‌ಪಿಯ ಎಫ್4.

* ಲೈಫ್ ಜಾಕೆಟ್, ಹೆಲ್ಮೆಟ್, ಕಿಲ್ ಕಾರ್ಡ್ ಇಲ್ಲದೆ ಹೊರಡಬೇಡ. ಬೋಟಿನಿಂದ ಬಿದ್ದರೆ ಈ ಕಾರ್ಡ್ ಎಂಜಿನ್ ನಿಲ್ಲಿಸುತ್ತದೆ.

* ಬೆಲ್ಟ್ ಬಿಗಿದು ಕಾಕ್‌ಪಿಟ್‌ನಲ್ಲಿ ಕೂರುವ ವರ್ಗಗಳಿಗೆ ಮುಳುಗು ಪರೀಕ್ಷೆ ಇದೆ. ನೀರಿನಡಿ ತಲೆಕೆಳಗಾಗಿದ್ದಾಗ ಬೆಲ್ಟ್ ಬಿಚ್ಚಿ ಹೊರಬರಬೇಕು. ಗಾಬರಿಯಾದರೆ ಉಸಿರೇ ಶತ್ರು. ಅದು ಸಲೀಸಾಗುವವರೆಗೆ ಚಿಕ್ಕ ಬೋಟೇ ಸಾಕು!